ಕಾರ್ಲ್ ಬಾಷ್: ಉಕ್ಕಿನ ಗೋಡೆಯಲ್ಲಿ ರಂಧ್ರ ಕೊರೆದ ವಿನ್ಯಾಸಕಾರ

ಬೆಂಗಳೂರಿನಲ್ಲಿ ಬೆಳೆದವರಿಗೆ ಬಾಷ್ ಎಂಬ ಹೆಸರು ಅಪರಿಚಿತವಲ್ಲ. 1951ರಲ್ಲಿ ಸ್ಥಾಪನೆಯಾದ ಮೈಕೋ ಸಂಸ್ಥೆ, ಅದರ ಸ್ಪಾರ್ಕ್ ಪ್ಲಗ್ಗುಗಳು, ಅದರ ಹೆಸರನ್ನು ಹೊತ್ತ ಬಡಾವಣೆ ಎಲ್ಲವೂ ಆ ನಗರದ ನಿತ್ಯದ ಮಾತಿನಲ್ಲಿ ಸೇರಿಹೋಗಿವೆ. ಆ ಉದ್ಯಮದ ಮೂಲಪುರುಷರು ಸ್ಟುಟ್‌ಗಾರ್ಟ್ ನಗರದ ರಾಬರ್ಟ್ ಬಾಷ್. ಅವರ ಅಣ್ಣನ ಮಗ ಕಾರ್ಲ್ ಬಾಷ್ ಅವರ ಹೆಸರು ಮಾತ್ರ ನಮ್ಮಲ್ಲಿ ಶಾಲೆಯ ರಸಾಯನಶಾಸ್ತ್ರದ ಪುಸ್ತಕವನ್ನು ದಾಟಿ ಹೊರಗೆ ಬರಲಿಲ್ಲ. ಅಲ್ಲಿಯೂ ಅದು ಹೇಬರ್ ಎಂಬ ಹೆಸರಿನ ಪಕ್ಕದಲ್ಲಿ, ಒಂದು ಅಡ್ಡಗೆರೆಯ ಆಚೆಗೆ, ಎರಡನೆಯದಾಗಿ ನಿಲ್ಲುತ್ತದೆ.

ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ತಾಂತ್ರಿಕ ವಿದ್ಯಾಸಂಸ್ಥೆಯ ಆವರಣದಲ್ಲಿ ಬಯಲಿನಲ್ಲಿ ನಿಲ್ಲಿಸಿದ ಒಂದು ಉಕ್ಕಿನ ಸ್ತಂಭವಿದೆ. 1921ರಲ್ಲಿ ತಯಾರಾದ, ಅಮೋನಿಯ ಸಂಶ್ಲೇಷಣೆಗೆ ಬಳಸಿದ ಅಧಿಕ ಒತ್ತಡದ ಪಾತ್ರೆ ಅದು. ಅದರ ಮುಂದೆ ಮೊದಲ ಸಲ ನಿಂತಾಗ ನನಗೆ ನಮ್ಮ ಊರುಗಳ ಗುಡಿಯ ಮುಂದಿನ ಗರುಡಗಂಬ ನೆನಪಾಯಿತು. ಸ್ಥಾವರ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡವನಿಗೆ ಆ ಹೋಲಿಕೆ ಅಷ್ಟೇನೂ ಅತಿಯಲ್ಲ. ಕಚ್ಚಾವಸ್ತು ಒಂದು ತುದಿಯಲ್ಲಿ ಒಳಹೊಕ್ಕು, ಪಾತ್ರೆ, ಕೊಳವೆ, ಪಂಪು, ಸಂಪೀಡಕಗಳ ಜಾಲದಲ್ಲಿ ಹಾದು, ಇನ್ನೊಂದು ತುದಿಯಲ್ಲಿ ಬೇರೆಯೇ ವಸ್ತುವಾಗಿ ಹೊರಬರುವ ಕಾರ್ಖಾನೆಯನ್ನು ನಾವು ಸ್ಥಾವರವೆನ್ನುತ್ತೇವೆ. ಒಂದು ರಾಸಾಯನಿಕ ಕ್ರಿಯೆ ನಡೆಯುತ್ತದೆಂದು ಪ್ರಯೋಗಾಲಯದಲ್ಲಿ ತೋರಿಸುವುದು ಒಂದು ಕೆಲಸ. ಅದೇ ಕ್ರಿಯೆಯನ್ನು ಹಗಲಿರುಳು, ವರ್ಷಗಟ್ಟಲೆ, ಯಾರ ಪ್ರಾಣಕ್ಕೂ ಎರವಾಗದಂತೆ ನಡೆಸುವುದು ಬೇರೆಯೇ ಕೆಲಸ. ಈ ಎರಡನೆಯ ಕೆಲಸದ ಮೂಲಪಾಠಗಳೆಲ್ಲ ಕಾರ್ಲ್ ಬಾಷ್ ಅವರ ಬದುಕಿನಲ್ಲಿ ಸಿಗುತ್ತವೆ. ಅರ್ಧ ಪಾಠ ಅವರ ಗೆಲುವಿನಲ್ಲಿದೆ, ಉಳಿದರ್ಧ ಅವರ ಸೋಲಿನಲ್ಲಿದೆ.

ಕಮ್ಮಟದಿಂದ ರಸಾಯನಶಾಸ್ತ್ರಕ್ಕೆ

ಕಾರ್ಲ್ ಬಾಷ್ 1874ರ ಆಗಸ್ಟ್ 27ರಂದು ಕಲೋನ್ ನಗರದಲ್ಲಿ ಜನಿಸಿದರು. ತಂದೆಯದು ಅನಿಲ ಮತ್ತು ನೀರಿನ ಕೊಳವೆ ಜೋಡಣೆಗೆ ಬೇಕಾದ ಸಾಮಗ್ರಿಗಳ ವ್ಯಾಪಾರ. ಆ ಮನೆಯ ಕಮ್ಮಟದಲ್ಲಿ ಹುಡುಗನ ಕೈಗೆ ಬೆಸುಗೆ, ಅರ, ಲೇತುಗಳ ಅಭ್ಯಾಸವಾಯಿತು. ಕೀಟಗಳನ್ನೂ ಖನಿಜಗಳನ್ನೂ ಕೂಡಿಡುವ ಹವ್ಯಾಸ ಆಗಲೇ ಮೊಳೆತು ಬದುಕಿನುದ್ದಕ್ಕೂ ಉಳಿಯಿತು.

ಶಾಲೆ ಮುಗಿಸಿದ ಮೇಲೆ ಅವರು ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. ಒಂದು ಲೋಹ ಕಾರ್ಖಾನೆಯಲ್ಲಿ ಕೆಲಸ ಕಲಿತರು. ಬಳಿಕ ಬರ್ಲಿನ್ನಿನ ಷಾರ್ಲೊಟೆನ್‌ಬುರ್ಗ್ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಲೋಹಶಾಸ್ತ್ರವನ್ನೂ ಯಂತ್ರಶಾಸ್ತ್ರವನ್ನೂ ಓದಿದರು. 1896ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯ ಸೇರಿ, 1898ರಲ್ಲಿ ಯೊಹಾನೆಸ್ ವಿಸ್ಲಿಸೇನುಸ್ ಅವರ ಮಾರ್ಗದರ್ಶನದಲ್ಲಿ ಸಾವಯವ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಲೋಹ, ಯಂತ್ರ, ರಸಾಯನ ಈ ಮೂರೂ ಒಂದೇ ತಲೆಯಲ್ಲಿ ಕೂಡಿದ್ದು ಆ ಕಾಲಕ್ಕೆ ಅಪರೂಪ. ರಸಾಯನಜ್ಞ ಗಾಜಿನ ಪಾತ್ರೆಯಲ್ಲಿ ಕಂಡದ್ದನ್ನು ಹೇಳುತ್ತಿದ್ದ, ಯಂತ್ರಶಿಲ್ಪಿ ಅದನ್ನು ಕಬ್ಬಿಣದಲ್ಲಿ ಕಟ್ಟಿಕೊಡುತ್ತಿದ್ದ. ಇಬ್ಬರ ನಡುವಿನ ಕಂದಕದಲ್ಲಿ ಎಷ್ಟೋ ಯೋಜನೆಗಳು ಬಿದ್ದುಹೋಗುತ್ತಿದ್ದವು. ಬಾಷ್ ಆ ಕಂದಕದ ಎರಡೂ ದಡಗಳನ್ನು ಬಲ್ಲವರಾಗಿದ್ದರು.

1899ರಲ್ಲಿ ಅವರು ರೈನ್ ನದಿಯ ದಡದ ಲುಡ್ವಿಗ್ಸ್‌ಹಾಫೆನ್ ನಗರದ ಬಿ.ಎ.ಎಸ್.ಎಫ್. ಸಂಸ್ಥೆಯನ್ನು ಸೇರಿದರು. ಬಣ್ಣಗಳ ತಯಾರಿಕೆಗೆ ಹೆಸರಾಗಿದ್ದ ಆ ಸಂಸ್ಥೆ ಎರಡೇ ವರ್ಷ ಮೊದಲು, 1897ರಲ್ಲಿ, ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದು ಭಾರತದ ನೀಲಿ ಬೆಳೆಯ ಬುಡವನ್ನೇ ಅಲುಗಿಸಿತ್ತು. ಅಲ್ಲಿ ಬಾಷ್ ಅವರಿಗೆ ಸಿಕ್ಕ ಹಿರಿಯರು ರುಡಾಲ್ಫ್ ಕ್ನೀಟ್ಷ್. ಗಂಧಕಾಮ್ಲವನ್ನು ಸಂಪರ್ಕ ವಿಧಾನದಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಬಗೆಯನ್ನು ರೂಪಿಸಿದ ಅವರು ಪ್ರಯೋಗಾಲಯಕ್ಕೂ ಕಾರ್ಖಾನೆಗೂ ಇರುವ ದೂರವನ್ನು ಬಲ್ಲವರು.

ಅಳೆದು ನೋಡುವ ಶಿಸ್ತು

ಆಗ ಯೂರೋಪಿನ ರಸಾಯನಜ್ಞರನ್ನು ಕಾಡುತ್ತಿದ್ದ ಪ್ರಶ್ನೆ ಸಾರಜನಕದ್ದು. ಗಾಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮೀರಿ ಸಾರಜನಕವಿದ್ದರೂ ಬೆಳೆಗೆ ಅದು ನೇರವಾಗಿ ದಕ್ಕುವುದಿಲ್ಲ. ಜಗತ್ತಿನ ಹೊಲಗಳು ಚಿಲಿ ದೇಶದ ಮರುಭೂಮಿಯಿಂದ ಹಡಗುಗಳಲ್ಲಿ ಬರುತ್ತಿದ್ದ ಪೆಟ್ಲುಪ್ಪನ್ನು ನೆಚ್ಚಿಕೊಂಡಿದ್ದವು. ಆ ನಿಕ್ಷೇಪ ತೀರಿದರೆ ಗೋಧಿಗೆ ಬರ ಬಂದೀತೆಂದು ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ 1898ರಲ್ಲಿ ಬಹಿರಂಗವಾಗಿ ಎಚ್ಚರಿಸಿದ್ದರು.

1900ರಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಸಾರಜನಕ ಮತ್ತು ಜಲಜನಕಗಳನ್ನು ಕಾದ ಕಬ್ಬಿಣದ ಮೇಲೆ ಹಾಯಿಸಿ ಅಮೋನಿಯ ಪಡೆದುದಾಗಿ ಬಿ.ಎ.ಎಸ್.ಎಫ್.ಗೆ ತಿಳಿಸಿದರು. ಓಸ್ಟ್‌ವಾಲ್ಡ್ ಎಂದರೆ ಭೌತ ರಸಾಯನಶಾಸ್ತ್ರದ ದಿಗ್ಗಜ. ಪರೀಕ್ಷಿಸುವ ಹೊಣೆ ಬಂದದ್ದು ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಬಾಷ್ ಅವರಿಗೆ. ಅವರು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರು. ಕಬ್ಬಿಣದಲ್ಲಿ ಮೊದಲೇ ಸೇರಿಕೊಂಡಿದ್ದ ಸಾರಜನಕವೇ ಜಲಜನಕದೊಡನೆ ಕೂಡಿ ಅಮೋನಿಯವಾಗಿ ಹೊರಬರುತ್ತಿತ್ತು; ಗಾಳಿಯ ಸಾರಜನಕ ಹಾಗೆಯೇ ಉಳಿಯುತ್ತಿತ್ತು. ಬಾಷ್ ತಮಗೆ ಕಂಡದ್ದನ್ನು ಹಾಗೆಯೇ ವರದಿ ಮಾಡಿದರು. ಓಸ್ಟ್‌ವಾಲ್ಡ್ ಸಿಟ್ಟಾದರೂ ಕಡೆಗೆ ತಮ್ಮ ಪೇಟೆಂಟ್ ಅರ್ಜಿಯನ್ನು ಹಿಂತೆಗೆದುಕೊಂಡರು.

ಈ ಪ್ರಸಂಗವನ್ನು ಕಿರಿಯ ಸಹೋದ್ಯೋಗಿಗಳಿಗೆ ನಾನು ಆಗಾಗ ಹೇಳುತ್ತೇನೆ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಒಳಗೇ ಉಳಿದದ್ದೆಷ್ಟು ಎಂಬ ಲೆಕ್ಕವೇ ಸ್ಥಾವರ ವಿನ್ಯಾಸದ ಮೊದಲ ಪುಟ. ದ್ರವ್ಯದ ಆ ಲೆಕ್ಕ ಕೂಡಿಬರದಿದ್ದರೆ ಮುಂದಿನ ನಕ್ಷೆಗಳಿಗೆ ಅರ್ಥವಿಲ್ಲ. ಹೇಳಿದವರು ಎಷ್ಟೇ ದೊಡ್ಡವರಾದರೂ ಲೆಕ್ಕ ಲೆಕ್ಕವೇ.

ಮೇಜಿನ ಮೇಲಿನ ಯಂತ್ರ

ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹೇಬರ್ ಇದೇ ಸಮಸ್ಯೆಯನ್ನು ಇನ್ನೊಂದು ದಾರಿಯಲ್ಲಿ ಬಿಡಿಸುತ್ತಿದ್ದರು. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ ಸೇರಿ ಎರಡು ಪಾಲು ಅಮೋನಿಯವಾಗುತ್ತದೆ. ನಾಲ್ಕು ಎರಡಾಗುವುದರಿಂದ ಒತ್ತಡ ಹೆಚ್ಚಿದಷ್ಟೂ ಅಮೋನಿಯ ಹೆಚ್ಚುತ್ತದೆ. ಕ್ರಿಯೆಯಲ್ಲಿ ಶಾಖ ಹೊರಬೀಳುವುದರಿಂದ ಉಷ್ಣತೆ ಕಡಿಮೆಯಾದಷ್ಟೂ ಲಾಭ. ಆದರೆ ಉಷ್ಣತೆ ಇಳಿದರೆ ಕ್ರಿಯೆಯೇ ನಿಂತಂತಾಗುತ್ತದೆ. ಈ ಇಕ್ಕಟ್ಟಿನಲ್ಲಿ ಹೇಬರ್ ಮತ್ತು ಅವರ ಸಹಾಯಕ ರಾಬರ್ಟ್ ಲ ರೊಸಿನ್ಯೋಲ್ ಸುಮಾರು 200 ವಾಯುಭಾರದ ಒತ್ತಡವನ್ನೂ 500ರಿಂದ 600 ಡಿಗ್ರಿ ಸೆಲ್ಷಿಯಸ್ ಉಷ್ಣತೆಯನ್ನೂ ಆರಿಸಿಕೊಂಡರು. ಒಂದು ಸುತ್ತಿನಲ್ಲಿ ಅನಿಲದ ಸಣ್ಣ ಪಾಲು ಮಾತ್ರ ಅಮೋನಿಯವಾಗುತ್ತಿತ್ತು. ಅದನ್ನು ತಂಪುಮಾಡಿ ದ್ರವವಾಗಿಸಿ ತೆಗೆದು, ಉಳಿದ ಅನಿಲವನ್ನು ಮತ್ತೆ ಮತ್ತೆ ಸುತ್ತಿಸುವುದು ಹೇಬರ್ ಅವರ ಮಹತ್ವದ ಹೊಳಹು.

1909ರ ಮಾರ್ಚಿನಲ್ಲಿ ಈ ಒತ್ತಡದ ಮಾತು ಕೇಳಿ ಬಿ.ಎ.ಎಸ್.ಎಫ್. ಆಡಳಿತದವರು ಹಿಂಜರಿದರು. ಅಂಥ ಒತ್ತಡವನ್ನೂ ಅಂಥ ಕಾವನ್ನೂ ಒಟ್ಟಿಗೆ ತಾಳುವ ಉಪಕರಣ ಯಾವ ಕಾರ್ಖಾನೆಯಲ್ಲೂ ಇರಲಿಲ್ಲ. ಉಕ್ಕಿನ ಉದ್ಯಮ ಏನು ಮಾಡಬಲ್ಲದೆಂಬುದು ತಮಗೆ ಗೊತ್ತು, ಇದನ್ನು ಸಾಧಿಸಬಹುದು ಎಂದು ಹೇಳಿದವರು ಬಾಷ್. ಸಂಸ್ಥೆ ಅವರ ಮಾತಿನ ಮೇಲೆ ಹಣ ಹೂಡಿತು.

ಅದೇ ವರ್ಷದ ಜುಲೈ 2ರಂದು ಹೇಬರ್ ತಮ್ಮ ಯಂತ್ರವನ್ನು ತೋರಿಸಿದರು. ಪರೀಕ್ಷೆಯ ಆರಂಭದಲ್ಲೇ ಒತ್ತಡದ ಜೋಡಣೆಯೊಂದು ಕೈಕೊಟ್ಟಿತು. ದುರಸ್ತಿಯಾಗುವ ಮೊದಲೇ ಬಾಷ್ ಹೊರಟುಹೋದರು. ಜತೆಗೆ ಬಂದಿದ್ದ ಆಲ್ವಿನ್ ಮಿಟಾಷ್ ಉಳಿದುಕೊಂಡು, ಅಮೋನಿಯ ಹನಿಹನಿಯಾಗಿ ತೊಟ್ಟಿಕ್ಕುವುದನ್ನು ಕಣ್ಣಾರೆ ಕಂಡರು. ಮೇಜಿನ ಮೇಲೆ ಕೂರುವ ಆ ಯಂತ್ರವನ್ನು ದಿನಕ್ಕೆ ಟನ್ನುಗಟ್ಟಲೆ ಅಮೋನಿಯ ಕೊಡುವ ಕಾರ್ಖಾನೆಯಾಗಿಸುವ ಭಾರ ಬಾಷ್ ಅವರ ಹೆಗಲೇರಿತು.

ಮೊದಲ ತೊಡಕು ವೇಗವರ್ಧಕದ್ದು. ಹೇಬರ್ ಬಳಸಿದ ಆಸ್ಮಿಯಂ ಲೋಹ ಜಗತ್ತಿನಲ್ಲೆಲ್ಲ ಹುಡುಕಿದರೂ ಸುಮಾರು 100 ಕಿಲೋ ಸಿಗುವಷ್ಟು ಅಪರೂಪ. ಮಿಟಾಷ್ ಅವರ ತಂಡ ಕೆಲವೇ ಗ್ರಾಂ ವಸ್ತುವನ್ನು ಪರೀಕ್ಷಿಸುವ ಪುಟ್ಟ ಪಾತ್ರೆಗಳನ್ನು ಸಾಲಾಗಿ ನಿಲ್ಲಿಸಿ, 1912ರ ಹೊತ್ತಿಗೆ ಸುಮಾರು 2,500 ಮಿಶ್ರಣಗಳನ್ನು 6,500 ಪ್ರಯೋಗಗಳಲ್ಲಿ ಜರಡಿ ಹಿಡಿಯಿತು. ಸ್ವೀಡನ್ನಿನ ಒಂದು ಕಬ್ಬಿಣದ ಅದಿರು ಅನಿರೀಕ್ಷಿತವಾಗಿ ಚೆನ್ನಾಗಿ ಕೆಲಸ ಮಾಡಿದ್ದು ಅವರಿಗೆ ದಾರಿ ತೋರಿತು. ಅದರಲ್ಲಿದ್ದ ಕಶ್ಮಲಗಳೇ ಕಬ್ಬಿಣಕ್ಕೆ ಕಸುವು ಕೊಡುತ್ತಿದ್ದವು. ಅಲ್ಯೂಮಿನ ಮತ್ತು ಪೊಟ್ಯಾಷ್ ಬೆರೆಸಿದ ಆ ಅಗ್ಗದ ಕಬ್ಬಿಣ ಸ್ವಲ್ಪ ಮಾರ್ಪಾಡುಗಳೊಡನೆ ಇಂದಿಗೂ ಬಳಕೆಯಲ್ಲಿದೆ.

ಒಡೆದ ಕೊಳವೆಗಳು

ವೇಗವರ್ಧಕಕ್ಕಿಂತ ಕಠಿಣವಾದ ತೊಡಕು ಪಾತ್ರೆಯದ್ದು. ಬಾಷ್ ಅವರ ತಂಡ ದಪ್ಪ ಗೋಡೆಯ ಉಕ್ಕಿನ ಕೊಳವೆಗಳನ್ನು ತರಿಸಿ, ಒಡೆದರೆ ಜನರಿಗೆ ಅಪಾಯವಾಗದಂತೆ ಕಾಂಕ್ರೀಟಿನ ಗೂಡುಗಳೊಳಗಿಟ್ಟು ಪರೀಕ್ಷಿಸಿತು. ಸುಮಾರು 80 ಗಂಟೆ ನಡೆದ ಮೇಲೆ ಕೊಳವೆಗಳು ಸಿಡಿದವು. ಒತ್ತಡದ ಲೆಕ್ಕದಲ್ಲಿ ಅವು ಸಿಡಿಯಬೇಕಾದ ಕಾರಣವೇ ಇರಲಿಲ್ಲ.

ಇಲ್ಲಿ ಬಾಷ್ ಅವರ ಲೋಹಶಾಸ್ತ್ರ ಕೆಲಸಕ್ಕೆ ಬಂತು. ಒಡೆದ ಚೂರುಗಳನ್ನು ಕತ್ತರಿಸಿ, ನಯಗೊಳಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಉಕ್ಕಿಗೆ ಬಲ ಕೊಡುವುದು ಅದರೊಳಗಿನ ಇಂಗಾಲ. ಒಳಮೈಯಲ್ಲಿ ಆ ಇಂಗಾಲವೇ ಮಾಯವಾಗಿತ್ತು. ಕಾವು ಮತ್ತು ಒತ್ತಡದಲ್ಲಿ ಜಲಜನಕ ಉಕ್ಕಿನೊಳಕ್ಕೆ ಇಂಗಿ, ಇಂಗಾಲದೊಡನೆ ಕೂಡಿ ಮೀಥೇನ್ ಅನಿಲವಾಗುತ್ತಿತ್ತು. ಹೀಗೆ ಉಕ್ಕು ಒಳಗಿಂದೊಳಗೇ ಬಿರಿದು, ಬಲವಿಲ್ಲದೆ ಒಡೆಯುತ್ತಿತ್ತು. ಗೆದ್ದಲು ಹಿಡಿದ ಕಂಬ ಹೊರಗೆ ಗಟ್ಟಿಯಾಗಿ ಕಂಡರೂ ಒಂದು ದಿನ ಕುಸಿಯುವ ಹಾಗೆ.

ಗೋಡೆಯನ್ನು ಇನ್ನಷ್ಟು ದಪ್ಪ ಮಾಡಿದರೆ ಸಿಡಿಯುವ ಗಳಿಗೆ ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. ಜಲಜನಕವನ್ನು ಪೂರ್ತಿ ತಡೆಯುವ ಲೋಹ ಸಿಗುವಂತಿರಲಿಲ್ಲ. 1911ರಲ್ಲಿ ಬಾಷ್ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಜಲಜನಕ ಹಾದುಹೋಗುವುದನ್ನು ತಡೆಯಲಾಗದಿದ್ದರೆ ಹೋಗಲಿ, ಆದರೆ ಅಪಾಯ ಮಾಡದೆ ಹೋಗಲಿ. ಅವರು ಪಾತ್ರೆಯ ಎರಡು ಕರ್ತವ್ಯಗಳನ್ನು ಬೇರ್ಪಡಿಸಿದರು. ಒಳಗೆ ಇಂಗಾಲ ಬಹಳ ಕಡಿಮೆಯಿರುವ ಮೆದು ಕಬ್ಬಿಣದ ತೆಳು ಒಳಪದರ. ಜಲಜನಕ ಕೆಡಿಸಲು ಅದರಲ್ಲಿ ಇಂಗಾಲವೇ ಇಲ್ಲ. ಹೊರಗೆ ಒತ್ತಡವನ್ನು ಹೊರುವ ದಪ್ಪ ಉಕ್ಕಿನ ಕವಚ. ಒಳಪದರವನ್ನು ತೂರಿಬಂದ ಜಲಜನಕ ಕವಚದ ಮೇಲೆ ಒತ್ತಡ ಕಟ್ಟಿಕೊಳ್ಳದೆ ಹೊರಹೋಗಲು ಕವಚದುದ್ದಕ್ಕೂ ಸಣ್ಣ ರಂಧ್ರಗಳು. ಒಳಪದರ ಅನಿಲವನ್ನು ಹಿಡಿದಿಡುತ್ತದೆ, ಕವಚ ಒತ್ತಡವನ್ನು ಹೊರುತ್ತದೆ. ಜರ್ಮನ್ ಭಾಷೆಯಲ್ಲಿ ಆ ರಂಧ್ರಗಳನ್ನು ಇಂದಿಗೂ ಬಾಷ್ ರಂಧ್ರಗಳೆಂದೇ ಕರೆಯುತ್ತಾರೆ.

ಬಲ ಬೇಕಾದ ಗೋಡೆಯಲ್ಲಿ ತಾನಾಗಿ ತೂತು ಕೊರೆಯುವುದು ಮೇಲ್ನೋಟಕ್ಕೆ ಹುಚ್ಚುತನ. ಆದರೆ ಸುರಕ್ಷಿತ ವಿನ್ಯಾಸದ ತಿರುಳೇ ಅದರಲ್ಲಿದೆ. ಕೆರೆಯ ಏರಿ ಕಟ್ಟುವ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಏರಿ ಎಷ್ಟೇ ಗಟ್ಟಿಯಾಗಿದ್ದರೂ ಕೋಡಿ ಇಲ್ಲದ ಕೆರೆ ಉಳಿಯುವುದಿಲ್ಲ. ಇಂದು ಜಲಜನಕವನ್ನು ತಾಳುವ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕುಗಳಿವೆ. ಯಾವ ಕಾವು, ಯಾವ ಒತ್ತಡಕ್ಕೆ ಯಾವ ಉಕ್ಕು ಎಂದು ತೋರಿಸುವ ನೆಲ್ಸನ್ ರೇಖೆಗಳಿವೆ. ಆದರೂ ಪ್ರತಿಯೊಂದು ಸುರಕ್ಷತಾ ಕವಾಟದ ಮುಂದೆ ಕುಳಿತಾಗ ನಾವು ಕೇಳುವುದು ಬಾಷ್ ಅವರು ಕೇಳಿದ ಪ್ರಶ್ನೆಯನ್ನೇ: ಇದು ಕೆಟ್ಟಾಗ ಎಲ್ಲಿಗೆ ಹೋಗುತ್ತದೆ?

ಸರಪಳಿಯ ಕೊಂಡಿಗಳು

ಕ್ರಿಯಾಪಾತ್ರೆ ಸಿದ್ಧವಾದರೆ ಸ್ಥಾವರ ಸಿದ್ಧವಾದಂತಲ್ಲ. ಶುದ್ಧ ಜಲಜನಕ ಎಲ್ಲಿಂದ ಬರಬೇಕು? ಕೆಂಪಗೆ ಕಾದ ಕೋಕ್ ಇದ್ದಿಲಿನ ಮೇಲೆ ಹಬೆ ಹಾಯಿಸಿದರೆ ಜಲಜನಕವೂ ಇಂಗಾಲದ ಮಾನಾಕ್ಸೈಡೂ ಬೆರೆತ ಅನಿಲ ಬರುತ್ತದೆ. ಮಾನಾಕ್ಸೈಡ್ ವೇಗವರ್ಧಕಕ್ಕೆ ವಿಷ. ವಿಲ್ಹೆಲ್ಮ್ ವಿಲ್ಡ್ ಅದನ್ನು ಇನ್ನೊಮ್ಮೆ ಹಬೆಯೊಡನೆ ಕೂಡಿಸಿ ಮತ್ತಷ್ಟು ಜಲಜನಕವನ್ನಾಗಿಸುವ ವಿಧಾನ ಕೊಟ್ಟರು. ಹಾಗೆ ಹುಟ್ಟಿದ ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ನೀರಿನಿಂದ ತೊಳೆದರು. ಅಳಿದುಳಿದ ಮಾನಾಕ್ಸೈಡನ್ನು ತಾಮ್ರದ ದ್ರಾವಣ ಹೀರಬಲ್ಲದಾಗಿತ್ತು, ಆದರೆ ಆ ದ್ರಾವಣ ಕಬ್ಬಿಣದ ಪಾತ್ರೆಯನ್ನೇ ತಿನ್ನುತ್ತಿತ್ತು. ಕಾರ್ಲ್ ಕ್ರೌಖ್ ಅದಕ್ಕೆ ಅಮೋನಿಯ ಬೆರೆಸಿ ಆ ಕಾಟವನ್ನು ನಿಲ್ಲಿಸಿದರು.

ಸಂಪೀಡಕಗಳು ಸೋರುತ್ತಿದ್ದವು. ಜಲಜನಕ ಸೋರಿದರೆ ಸ್ಫೋಟದ ಭಯ. ಫ್ರಾನ್ಸ್ ಲಾಪ್ಪೆ ಅವರ ಯಂತ್ರಶಿಲ್ಪಿಗಳು ಕವಾಟ, ಜೋಡಣೆ, ಮುಚ್ಚಳಗಳನ್ನೆಲ್ಲ ಹೊಸದಾಗಿ ರೂಪಿಸಿದರು. ಪಾತ್ರೆಯನ್ನು ಹೊರಗಿನಿಂದ ಕಾಯಿಸಿದರೆ ಗೋಡೆಯೇ ಹೆಚ್ಚು ಕಾಯುತ್ತದೆ. ಆದ್ದರಿಂದ ಕಾಯಿಸುವ ಕೆಲಸವನ್ನು ಒಳಕ್ಕೆ ತಂದು, ಹೊರಬರುವ ಬಿಸಿ ಅನಿಲದಿಂದಲೇ ಒಳಬರುವ ತಂಪು ಅನಿಲ ಬಿಸಿಯಾಗುವಂತೆ ಮಾಡಿದರು. ಒಳಗೆ ಏನಾಗುತ್ತಿದೆಯೆಂದು ಪಾತ್ರೆ ತೆರೆದು ನೋಡುವಂತಿರಲಿಲ್ಲ. ಹರಿವು, ಒತ್ತಡ, ಅನಿಲದ ಬೆರಕೆಗಳನ್ನು ಎಡೆಬಿಡದೆ ಅಳೆದು ದಾಖಲಿಸುವ ಉಪಕರಣಗಳನ್ನೂ ಅಲ್ಲಿಯೇ ಕಂಡುಕೊಳ್ಳಬೇಕಾಯಿತು.

ಬಾಷ್ ಇವೆಲ್ಲವನ್ನೂ ಒಂದಾದ ಮೇಲೊಂದರಂತೆ ಅಲ್ಲ, ಏಕಕಾಲದಲ್ಲಿ ನಡೆಸಿದರು. ಅನಿಲ ತಯಾರಿಕೆ ಪೂರ್ಣವಾಗುವ ಮೊದಲೇ ಶುದ್ಧೀಕರಣ, ಅದು ಪೂರ್ಣವಾಗುವ ಮೊದಲೇ ಸಂಪೀಡನ. ಒಂದು ಕೊಂಡಿ ತಡವಾದರೆ ಇಡೀ ಸರಪಳಿ ನಿಲ್ಲುತ್ತದೆಂದು ಅವರಿಗೆ ತಿಳಿದಿತ್ತು. ಲುಡ್ವಿಗ್ಸ್‌ಹಾಫೆನ್ನಿನ ಉತ್ತರಕ್ಕೆ, ಓಪಾವ್ ಎಂಬ ಊರ ಬಳಿ 1912ರ ಮೇ ತಿಂಗಳಲ್ಲಿ ಕಟ್ಟಡದ ಕೆಲಸ ಶುರುವಾಯಿತು. 1913ರ ಸೆಪ್ಟೆಂಬರ್ 9ರಂದು ಸ್ಥಾವರ ನಡೆಯತೊಡಗಿತು. ದಿನಕ್ಕೆ ಸುಮಾರು 30 ಟನ್ ಅಮೋನಿಯ ತಯಾರಿಸುವ ಸಾಮರ್ಥ್ಯ ಅದರದು. ಹೇಬರ್ ಅವರ ಮೇಜಿನಿಂದ ಅಲ್ಲಿಗೆ ನಾಲ್ಕು ವರ್ಷ, ಎರಡು ತಿಂಗಳು. ಇಂದಿನ ಎಲ್ಲ ಸಲಕರಣೆಗಳಿದ್ದೂ ಅಷ್ಟು ಬೇಗ ಮುಗಿಸಲು ನಾವು ಹೆಣಗಬೇಕಾಗುತ್ತದೆ.

ಗೊಬ್ಬರದಿಂದ ಮದ್ದಿಗೆ

1914ರಲ್ಲಿ ಬಿ.ಎ.ಎಸ್.ಎಫ್. ರೈತರಿಗೆ ಹೊಸ ಗೊಬ್ಬರದ ಬಳಕೆ ತಿಳಿಸಲು ಲಿಂಬುರ್ಗರ್‌ಹೋಫ್‌ನಲ್ಲಿ ಕೃಷಿ ಸಂಶೋಧನಾ ಕೇಂದ್ರವೊಂದನ್ನು ತೆರೆಯಿತು. ಅದೇ ವರ್ಷ ಮಹಾಯುದ್ಧ ಬಂತು. ಬ್ರಿಟನ್ನಿನ ನೌಕಾಪಡೆ ಚಿಲಿಯ ಪೆಟ್ಲುಪ್ಪಿನ ದಾರಿಯನ್ನು ಕಡಿದುಹಾಕಿತು. ಪೆಟ್ಲುಪ್ಪಿಲ್ಲದೆ ನೈಟ್ರಿಕ್ ಆಮ್ಲವಿಲ್ಲ, ನೈಟ್ರಿಕ್ ಆಮ್ಲವಿಲ್ಲದೆ ಮದ್ದುಗುಂಡಿಲ್ಲ. ಅಮೋನಿಯವನ್ನು ಪೆಟ್ಲುಪ್ಪಾಗಿಸಿ ಕೊಡುವುದಾಗಿ ಬಾಷ್ ಬರ್ಲಿನ್ನಿನ ಅಧಿಕಾರಿಗಳಿಗೆ ಮಾತು ಕೊಟ್ಟರು. 1915ರ ಮೇ ಹೊತ್ತಿಗೆ ಅದು ದೊಡ್ಡ ಪ್ರಮಾಣದಲ್ಲಿ ನಡೆಯತೊಡಗಿತು. ಅದೇ ತಿಂಗಳಲ್ಲಿ ಫ್ರೆಂಚ್ ವಿಮಾನಗಳು ಈ ಕಾರ್ಖಾನೆಗಳ ಮೇಲೆ ಬಾಂಬು ಹಾಕಿದವು. ಗಡಿಯಿಂದ ದೂರವಿರಲೆಂದು ಮಧ್ಯ ಜರ್ಮನಿಯ ಲೊಯ್ನಾದಲ್ಲಿ ಇನ್ನೂ ದೊಡ್ಡ ಸ್ಥಾವರವನ್ನು 1916ರ ಮೇ ತಿಂಗಳಲ್ಲಿ ಆರಂಭಿಸಿ, 1917ರ ಏಪ್ರಿಲ್‌ನಲ್ಲೇ ನಡೆಸಿದರು.

ಈ ಸ್ಥಾವರಗಳಿಲ್ಲದಿದ್ದರೆ ಜರ್ಮನಿ ಅಷ್ಟು ಕಾಲ ಯುದ್ಧ ನಡೆಸಲಾಗುತ್ತಿರಲಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಹಸಿವು ನೀಗಿಸಲೆಂದು ಕಟ್ಟಿದ ಯಂತ್ರ ಸಾವಿನ ಕಾಲವನ್ನು ಹಿಗ್ಗಿಸಿತು. ಸ್ಥಾವರಕ್ಕೆ ಈ ಎರಡರ ವ್ಯತ್ಯಾಸ ತಿಳಿಯದು. ಅಮೋನಿಯ ಹೊರಬರುವ ಕೊಳವೆಯನ್ನು ಯಾವುದಕ್ಕೆ ಜೋಡಿಸಬೇಕೆಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ, ಆ ತೀರ್ಮಾನ ಕೈಗೊಂಡವರಲ್ಲಿ ಬಾಷ್ ಕೂಡ ಒಬ್ಬರು. 1919ರಲ್ಲಿ ವರ್ಸೇಲ್ಸ್ ಮಾತುಕತೆಗೆ ಹೋದ ಜರ್ಮನ್ ನಿಯೋಗದಲ್ಲಿ ಅವರಿದ್ದರು. ಫ್ರಾನ್ಸಿಗೆ ತಂತ್ರಜ್ಞಾನ ಕೊಡುವ ಒಪ್ಪಂದದ ಮೂಲಕ ಓಪಾವ್ ಮತ್ತು ಲೊಯ್ನಾ ಸ್ಥಾವರಗಳನ್ನು ಕೆಡವದಂತೆ ಉಳಿಸಿಕೊಂಡರು. ಅದೇ ವರ್ಷ ಬಿ.ಎ.ಎಸ್.ಎಫ್.ನ ಮುಖ್ಯಸ್ಥರಾದರು.

1921ರ ಸೆಪ್ಟೆಂಬರ್ 21

ಆ ದಿನ ಬೆಳಗ್ಗೆ ಏಳೂವರೆ ಗಂಟೆಗೆ ಓಪಾವ್ ಸ್ಥಾವರದ ಗೊಬ್ಬರದ ಉಗ್ರಾಣವೊಂದು ಸ್ಫೋಟಿಸಿತು. ಅಲ್ಲಿದ್ದದ್ದು ಅಮೋನಿಯಂ ಸಲ್ಫೇಟ್ ಮತ್ತು ಅಮೋನಿಯಂ ನೈಟ್ರೇಟ್ ಬೆರೆತ ಸುಮಾರು 4,500 ಟನ್ ಗೊಬ್ಬರ. ಅದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಸ್ಫೋಟಿಸಿತೆಂದು ಅಂದಾಜು. ಸುಮಾರು 19 ಮೀಟರ್ ಆಳದ ಕುಳಿ ಬಿತ್ತು. 500ಕ್ಕೂ ಹೆಚ್ಚು ಜನ ಸತ್ತರು, ಸುಮಾರು 2,000 ಜನ ಗಾಯಗೊಂಡರು. ಓಪಾವ್ ಊರಿನ ಮನೆಗಳಲ್ಲಿ ಹೆಚ್ಚಿನವು ನೆಲಕ್ಕುರುಳಿದವು.

ಆ ಮಿಶ್ರ ಗೊಬ್ಬರ ತೇವ ಹೀರಿ ಬಂಡೆಯಂತೆ ಗಟ್ಟಿಯಾಗುತ್ತಿತ್ತು. ಅದನ್ನು ಬಿಡಿಸಲು ಸಣ್ಣ ಸಿಡಿಮದ್ದುಗಳನ್ನಿಟ್ಟು ಹಾರಿಸುವುದು ಅಲ್ಲಿನ ರೂಢಿ. ಈ ಪ್ರಮಾಣದ ಮಿಶ್ರಣ ಸ್ಫೋಟಿಸದೆಂದು ಪರೀಕ್ಷೆಗಳು ಹೇಳಿದ್ದವು. ಸುಮಾರು 20,000 ಸಲ ಹಾಗೆ ಮಾಡಿದಾಗಲೂ ಏನೂ ಆಗಿರಲಿಲ್ಲ. ಅಂದಿನ ಕೆಲಸಗಾರರು ಸತ್ತುಹೋದದ್ದರಿಂದ ಆಗಿನ ತನಿಖೆಗಳಿಗೆ ಖಚಿತ ಕಾರಣ ದಕ್ಕಲಿಲ್ಲ. ಈಚಿನ ಅಧ್ಯಯನಗಳು ಒಂದು ಸಣ್ಣ ಬದಲಾವಣೆಯತ್ತ ಬೆರಳು ತೋರಿಸುತ್ತವೆ. ಆ ವರ್ಷ ಗೊಬ್ಬರವನ್ನು ಸಿಂಪಡಿಸಿ ಒಣಗಿಸುವ ಹೊಸ ವಿಧಾನ ಬಂದಿತ್ತು. ಅದರಿಂದ ಗೊಬ್ಬರದ ತೇವಾಂಶ ಸುಮಾರು ಶೇಕಡಾ 4ರಿಂದ 2ಕ್ಕೆ ಇಳಿದು, ಹರಳುಗಳು ನುಣ್ಣಗಾಗಿ, ರಾಶಿ ಹಗುರವಾಗಿತ್ತು. ಹೆಸರು ಅದೇ, ಉಗ್ರಾಣ ಅದೇ, ಒಳಗಿನ ವಸ್ತು ಮಾತ್ರ ಹಳೆಯದಾಗಿರಲಿಲ್ಲ. ಹಳೆಯ ವಸ್ತುವಿನ ಮೇಲೆ ಮಾಡಿದ ಪರೀಕ್ಷೆಯನ್ನು ಹೊಸ ವಸ್ತುವಿಗೂ ನಂಬಿದ್ದರು.

ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. 200 ವಾಯುಭಾರದ ಪಾತ್ರೆಯ ಒಂದೊಂದು ಚೂರನ್ನೂ ಸೂಕ್ಷ್ಮದರ್ಶಕದಡಿ ನೋಡಿದ ಸಂಸ್ಥೆ, ಒತ್ತಡವೂ ಕಾವೂ ಇಲ್ಲದ ಉಗ್ರಾಣವನ್ನು ಅದೇ ಕಣ್ಣಿನಿಂದ ನೋಡಲಿಲ್ಲ. ಭಯ ಹುಟ್ಟಿಸುವ ಉಪಕರಣಕ್ಕೆ ಎಲ್ಲರ ಗಮನ ಸಿಗುತ್ತದೆ, ಮೂಲೆಯ ಗೋದಾಮಿಗೆ ಸಿಗುವುದಿಲ್ಲ. ಇಂದು ಯಾವ ಸ್ಥಾವರದಲ್ಲೂ ಒಂದು ಒಣಗಿಸುವ ಯಂತ್ರವನ್ನು ಬದಲಿಸುವ ಮೊದಲು ಅದರ ಪರಿಣಾಮ ಎಲ್ಲೆಲ್ಲಿಗೆ ಮುಟ್ಟುತ್ತದೆಂದು ಬರೆದು, ಪರಿಶೀಲಿಸಿ, ಸಹಿ ಹಾಕಬೇಕು. ಈ ಕಾಗದಗಳು ಬೇಸರ ತರಿಸುವ ದಿನ ನಾನು ಓಪಾವನ್ನು ನೆನೆಯುತ್ತೇನೆ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಏನು ಮಾಡಿತೆಂಬುದನ್ನು ನಾವೆಲ್ಲ ನೋಡಿದ್ದೇವೆ.

ಸತ್ತವರ ಶವಸಂಸ್ಕಾರದಲ್ಲಿ ಬಾಷ್ ಮಾತನಾಡಿದರು. ಬದುಕನ್ನು ಪೋಷಿಸಲೆಂದು ತಯಾರಾದ ವಸ್ತುವೇ ತಮಗೆ ತಿಳಿಯದ ಕಾರಣದಿಂದ ವೈರಿಯಾಯಿತೆಂಬ ಭಾವ ಆ ಮಾತಿನಲ್ಲಿತ್ತು. ಅದಾದ ಬಳಿಕ ಅವರು ಕುಸಿದು, ತಿಂಗಳುಗಟ್ಟಲೆ ಕೆಲಸಕ್ಕೆ ಮರಳಲಿಲ್ಲ. ಸ್ಥಾವರವನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸವನ್ನು ಕ್ರೌಖ್ ಕೆಲವೇ ತಿಂಗಳಲ್ಲಿ ಮುಗಿಸಿದರು.

ಶಿಖರ ಮತ್ತು ಇಳಿಜಾರು

ಅಧಿಕ ಒತ್ತಡದ ತಂತ್ರ ಅಮೋನಿಯಕ್ಕೆ ನಿಲ್ಲಲಿಲ್ಲ. 1923ರಲ್ಲಿ ಲೊಯ್ನಾದಲ್ಲಿ ಮೆಥನಾಲ್ ತಯಾರಾಯಿತು. 1925ರ ಡಿಸೆಂಬರ್‌ನಲ್ಲಿ ಜರ್ಮನಿಯ ದೊಡ್ಡ ರಾಸಾಯನಿಕ ಸಂಸ್ಥೆಗಳು ಒಂದಾಗಿ ಐ.ಜಿ. ಫಾರ್ಬೆನ್ ಆದಾಗ ಬಾಷ್ ಅದರ ಮುಖ್ಯಸ್ಥರಾದರು. ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುವ ಫ್ರೀಡ್ರಿಶ್ ಬರ್ಗಿಯುಸ್ ಅವರ ವಿಧಾನವನ್ನು ಕೊಂಡು, 1927ರಿಂದ ಲೊಯ್ನಾದಲ್ಲಿ ನಡೆಸಿದರು. 1931ರಲ್ಲಿ ಅಧಿಕ ಒತ್ತಡದ ರಾಸಾಯನಿಕ ವಿಧಾನಗಳನ್ನು ರೂಪಿಸಿದ್ದಕ್ಕಾಗಿ ಬಾಷ್ ಮತ್ತು ಬರ್ಗಿಯುಸ್ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಹೇಬರ್ ಅವರಿಗೆ ಅದು 1918ನೆಯ ಸಾಲಿನದಾಗಿ ಸಂದಿತ್ತು.

ಆದರೆ ಆ ಪೆಟ್ರೋಲ್ ಬಹಳ ದುಬಾರಿ. ಆರ್ಥಿಕ ಕುಸಿತದ ವರ್ಷಗಳಲ್ಲಿ ನೆಲದಿಂದ ಬರುವ ಎಣ್ಣೆ ಅಗ್ಗವಾಗಿ, ಈ ಯೋಜನೆ ಸಂಸ್ಥೆಯ ಕೊರಳಿಗೆ ಉರುಳಾಯಿತು. ಬಾಷ್ ಅದನ್ನು ಕೈಬಿಡಲಿಲ್ಲ. 1933ರ ಫೆಬ್ರವರಿಯಲ್ಲಿ ಐ.ಜಿ. ಫಾರ್ಬೆನ್ ನಾಜಿ ಪಕ್ಷಕ್ಕೂ ಅದರ ಮಿತ್ರರಿಗೂ ಸೇರಿದ ಚುನಾವಣಾ ನಿಧಿಗೆ 4,00,000 ಮಾರ್ಕ್ ಕೊಟ್ಟಿತು. ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಲೊಯ್ನಾದ ಪೆಟ್ರೋಲಿಗೆ ಖಾತರಿ ಬೆಲೆ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಸ್ಥಾವರ ಉಳಿಯಿತು. ಮುಂದಿನ ಯುದ್ಧಕ್ಕೆ ಬೇಕಾದ ಇಂಧನದ ಅಡಿಗಲ್ಲೂ ಅಲ್ಲೇ ಬಿತ್ತು.

ಅದೇ ಬಾಷ್ ಯಹೂದಿ ವಿಜ್ಞಾನಿಗಳನ್ನು ಹೊರಹಾಕುವುದನ್ನು ವಿರೋಧಿಸಿದರು. ಹಿಟ್ಲರ್ ಎದುರಿನಲ್ಲೇ ಆ ಮಾತೆತ್ತಿ ಅವನ ಸಿಟ್ಟಿಗೆ ಗುರಿಯಾದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹೇಬರ್ ಯಹೂದಿ ಮೂಲದವರು. ದೇಶ ಬಿಟ್ಟುಹೋಗಿ 1934ರ ಜನವರಿ 29ರಂದು ಬಾಸೆಲ್‌ನಲ್ಲಿ ತೀರಿಕೊಂಡರು. ಒಂದು ವರ್ಷದ ಬಳಿಕ ಮಾಕ್ಸ್ ಪ್ಲಾಂಕ್ ಬರ್ಲಿನ್ನಿನಲ್ಲಿ ಏರ್ಪಡಿಸಿದ ಸ್ಮರಣ ಸಭೆಗೆ ಪ್ರಾಧ್ಯಾಪಕರು ಹೋಗಬಾರದೆಂದು ಸರ್ಕಾರ ತಡೆಹಾಕಿದಾಗ, ಬಾಷ್ ಹೋಗಿ ಕುಳಿತರು.

1937ರಲ್ಲಿ ಅವರು ಪ್ಲಾಂಕ್ ಅವರ ನಂತರ ಕೈಸರ್ ವಿಲ್ಹೆಲ್ಮ್ ಸೊಸೈಟಿಯ ಅಧ್ಯಕ್ಷರಾದರು. ಆದರೆ ಒಳಗಿಂದ ಬಿರಿಯತೊಡಗಿದ್ದರು. ಖಿನ್ನತೆಯೂ ಕುಡಿತವೂ ಅವರನ್ನು ಹಿಡಿದವು. 1939ರ ಮೇ ತಿಂಗಳಲ್ಲಿ ಮ್ಯೂನಿಕ್ಕಿನ ಜರ್ಮನ್ ವಸ್ತುಸಂಗ್ರಹಾಲಯದ ಸಭೆಯಲ್ಲಿ ಸರ್ಕಾರಕ್ಕೆ ಹಿಡಿಸದ ಮಾತಾಡಿ ಸ್ಥಾನಗಳನ್ನು ಕಳೆದುಕೊಂಡರು. 1940ರ ಏಪ್ರಿಲ್ 26ರಂದು ಹೈಡೆಲ್‌ಬರ್ಗ್ ನಗರದಲ್ಲಿ ತೀರಿಕೊಂಡರು. ಅವರು ಕಟ್ಟಿದ ಐ.ಜಿ. ಫಾರ್ಬೆನ್ ಬಳಿಕ ಔಷ್ವಿಟ್ಸ್ ಬಳಿ ಸೆರೆಯಾಳುಗಳನ್ನು ದುಡಿಸಿ ಸ್ಥಾವರ ಕಟ್ಟಿತು. ಓಪಾವನ್ನು ಮತ್ತೆ ನಿಲ್ಲಿಸಿದ ಕ್ರೌಖ್ ನ್ಯೂರೆಂಬರ್ಗ್‌ನಲ್ಲಿ ಶಿಕ್ಷೆಗೊಳಗಾದರು.

ಉಳಿದದ್ದು

ಹೈಡೆಲ್‌ಬರ್ಗ್‌ನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಊರಿನ ಮೃಗಾಲಯ ಹುಟ್ಟಿದ್ದೂ ಅವರ ಬೆಂಬಲದಿಂದ. ಆದರೆ ನಿಜವಾದ ಸ್ಮಾರಕ ಊರೂರಿನ ಹೊಲಗಳಲ್ಲಿದೆ. ಮೈಸೂರಿನ ಬಳಿಯ ಬೆಳಗೊಳದಲ್ಲಿ ಕಳೆದ ಶತಮಾನದ ಮೊದಲರ್ಧದಲ್ಲೇ ಸಂಶ್ಲೇಷಿತ ಅಮೋನಿಯ ತಯಾರಿಸುವ ಚಿಕ್ಕ ಕಾರ್ಖಾನೆ ಬಂದಿತ್ತು. ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ಯೂರಿಯ ತಯಾರಾಗುತ್ತಿದೆ. ಇಂದು ಜಗತ್ತಿನ ಸುಮಾರು ಅರ್ಧ ಜನರ ಅನ್ನದಲ್ಲಿ ಈ ವಿಧಾನದ ಸಾರಜನಕವಿದೆಯೆಂದು ಅಂದಾಜು. ನಮ್ಮ ಮನೆಗಳ ಮುದ್ದೆಯಲ್ಲೂ ಅನ್ನದಲ್ಲೂ ಅದರ ಪಾಲಿದೆ.

ಕಾರ್ಲ್ಸ್‌ರೂಹೆಯ ಆ ಸ್ತಂಭದ ಮುಂದೆ ನಾನು ಈಗಲೂ ಆಗಾಗ ನಿಲ್ಲುತ್ತೇನೆ. ಅದು ತಯಾರಾದ ವರ್ಷವೇ ಓಪಾವ್ ಸಿಡಿದದ್ದು. ಒಂದೇ ಸಂಸ್ಥೆ, ಒಂದೇ ಕಾಲ, ಒಬ್ಬನೇ ಮುಖ್ಯಸ್ಥ. ಪಾತ್ರೆಗೆ ಉಸಿರಾಡಲು ರಂಧ್ರಗಳಿದ್ದವು, ಉಗ್ರಾಣಕ್ಕೆ ಇರಲಿಲ್ಲ. ಕಡೆಕಡೆಗೆ ಆ ಮನುಷ್ಯನಿಗೂ ಇರಲಿಲ್ಲವೆಂದು ನನಗೆ ತೋರುತ್ತದೆ. ವಸ್ತು ತನ್ನ ಸ್ವಭಾವವನ್ನು ಎಂದೂ ಬಿಡುವುದಿಲ್ಲ. ಆ ಸ್ವಭಾವವನ್ನು ಮೊದಲೇ ಅರಿತು ಅದಕ್ಕೊಂದು ದಾರಿ ಮಾಡಿಕೊಡುವುದು ವಿನ್ಯಾಸಕಾರನ ಧರ್ಮ. ಕ್ರಿಯಾಪಾತ್ರೆಗೆ ಕೊಟ್ಟಷ್ಟೇ ಗಮನವನ್ನು ಉಗ್ರಾಣಕ್ಕೂ, ಉಗ್ರಾಣಕ್ಕೆ ಕೊಟ್ಟಷ್ಟೇ ಗಮನವನ್ನು ಅದರ ಬಾಗಿಲಲ್ಲಿ ಬೆಳಗಿನ ಪಾಳಿಗೆ ಬಂದು ನಿಂತ ಕೆಲಸಗಾರನಿಗೂ ಕೊಡಬೇಕು.